ವೈರಸ್ ಇರುವುದು ಕರುಳಲ್ಲಿ, ಸೂಜಿ ಮಾಡುವುದು ತೋಳಿಗೆ. ಇದು ಹೇಗೆ ಕೆಲಸ ಮಾಡುತ್ತೆ?

ಉಣಕಲ್ ತಾಯಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ ಇದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮಗಳಿಗೆ ಒಂದೂವರೆ ತಿಂಗಳು ತುಂಬಿತು ಅಂತ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆವು. ಬಾಯಿಗೆ ಪೋಲಿಯೋ ಎರಡು ಹನಿ ಹಾಕಿದರು, ಆಮೇಲೆ ರೋಟಾ ಅಂತ ಐದು ಹನಿ, ಎರಡೂ ತೊಡೆಗೆ ಒಂದೊಂದು ಸೂಜಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಬಲ ತೋಳಿಗೆ ಇನ್ನೊಂದು ಸೂಜಿ! ಸಿರಿಂಜ್ ಬಹಳ ಸಣ್ಣದು, ಸೂಜಿಯನ್ನು ಅಡ್ಡಕ್ಕೆ ಮಲಗಿಸಿ ಚರ್ಮದೊಳಗೆ ಮಾತ್ರ ತೂರಿಸಿದರು, ಹಾಕಿದ ಜಾಗದಲ್ಲಿ ಸಾಬೂದಾನಿ ಕಾಳಿನಷ್ಟು ಬಿಳಿ ಗುಳ್ಳೆ ಎದ್ದಿತು. ಇದು ಯಾವುದಕ್ಕೆ ಅಂತ ಕೇಳಿದರೆ "ಇದೂ ಪೋಲಿಯೋದೇ ರೀ" ಅಂದರು. ಹಿಂದೆ ಬಹಳ ಜನ ಸಾಲಿನಲ್ಲಿದ್ದರು, ಜಾಸ್ತಿ ಕೇಳಲಿಕ್ಕೆ ಆಗಲಿಲ್ಲ.

ಪೋಲಿಯೋ ವೈರಸ್ ಬಾಯಿಂದ ಹೊಟ್ಟೆಗೆ ಹೋಗಿ ಕರುಳಿನಲ್ಲಿ ಬೆಳೆಯುತ್ತದೆ ಅಂತ ಓದಿದ್ದೇನೆ. ಹನಿಯೂ ಅದೇ ದಾರಿಯಲ್ಲಿ ಹೋಗುತ್ತೆ, ಅದು ಅರ್ಥವಾಗುತ್ತೆ. ತೋಳಿಗೆ ಹಾಕಿದ್ದು ಕರುಳಿನ ತನಕ ಹೋಗಿ ಹೇಗೆ ಕಾಯುತ್ತೆ? ಹನಿಯೇ ಸಾಕು ಅನ್ನುವುದಾದರೆ ಕೂಸಿಗೆ ಯಾಕೆ ಇನ್ನೊಂದು ನೋವು ಅಂತ ಅತ್ತೆಯವರು ಕೇಳುತ್ತಿದ್ದಾರೆ. ಆ ಕಡೆ ಬೆಂಗಳೂರಿನ ಗೆಳತಿ ತನ್ನ ಮಗನಿಗೆ ಖಾಸಗಿ ಆಸ್ಪತ್ರೆಯಲ್ಲಿ ಬರೀ ಇಂಜೆಕ್ಷನ್ ಹಾಕಿಸಿದ್ದಾಳೆ, ಹನಿ ಹಾಕಿಸಿಯೇ ಇಲ್ಲ. ಇಬ್ಬರಲ್ಲಿ ಯಾರದು ಸರಿ?

ಇನ್ನೊಂದು ವಿಷಯ. ನಮ್ಮ ಓಣಿಗೆ ನಳದ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಬಿಟ್ಟ ಕೂಡಲೇ ಬರುವ ನೀರು ಕಲಕಾಗಿರುತ್ತದೆ, ಒಮ್ಮೊಮ್ಮೆ ವಾಸನೆಯೂ ಇರುತ್ತದೆ. ಹಾಗಾಗಿ ಹೊಟ್ಟೆಯ ರೋಗಗಳ ಬಗ್ಗೆ ನನಗೆ ಹೆದರಿಕೆ ಜಾಸ್ತಿ. ಇಂಥ ಎಲ್ಲ ವೈರಸ್‌ಗೂ ಸೂಜಿ ಇದೆಯಾ?

ಗದಗ ಸಿಸ್ಟರ್

ತಂಗಿ, ನೀವು ನೋಡಿದ ಆ ಗುಳ್ಳೆ ಸರಿಯಾಗಿ ಹಾಕಿದ್ದಾರೆ ಅನ್ನುವುದಕ್ಕೆ ಗುರುತು. ಗುಳ್ಳೆ ಏಳದಿದ್ದರೆ ಮದ್ದು ಚರ್ಮ ದಾಟಿ ಕೆಳಗೆ ಹೋಗಿದೆ ಅಂತ ಅರ್ಥ. ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ತಿಕ್ಕಬೇಡಿ, ಎಣ್ಣೆ, ಅರಿಶಿನ ಏನೂ ಹಚ್ಚಬೇಡಿ.

ಅದರ ಹೆಸರು ಐಪಿವಿ. ಸತ್ತ ಪೋಲಿಯೋ ವೈರಸ್‌ನಿಂದ ಮಾಡಿದ ಲಸಿಕೆ. ಸ್ನಾಯುವಿಗೆ ಹಾಕುವುದಾದರೆ ಪೂರ್ತಿ ಡೋಸ್ 0.5 ಮಿಲಿ. ಚರ್ಮದೊಳಗೆ ಹಾಕಿದರೆ ಅದರ ಐದನೇ ಒಂದು ಭಾಗ, 0.1 ಮಿಲಿ, ಸಾಕಾಗುತ್ತದೆ. ಲಸಿಕೆಯನ್ನು ಹಿಡಿದು ದೇಹಕ್ಕೆ ತೋರಿಸುವ ಜೀವಕೋಶಗಳು ಚರ್ಮದಲ್ಲಿ ಬಹಳ ಇರುತ್ತವೆ, ಅದಕ್ಕೇ ಸ್ವಲ್ಪದರಲ್ಲೇ ಕೆಲಸ ಆಗುತ್ತದೆ. ನಮ್ಮ ದೇಶದಲ್ಲಿ ಇದು ಶುರುವಾಗಿದ್ದು 2015ರ ನವೆಂಬರ್ ಕೊನೆಗೆ. ಈಗ 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳು, ಹೀಗೆ ಮೂರು ಸಲ. ಮೊದಲ ಎರಡು ಬಲ ತೋಳಿಗೆ, ಒಂಬತ್ತನೇ ತಿಂಗಳಿನದು ಎಡ ತೋಳಿಗೆ. ಮೂರನೆಯದು ಸೇರಿದ್ದು 2023ರ ಜನವರಿಯಿಂದ. ಅದಕ್ಕೇ ದೊಡ್ಡ ಮಗುವಿನ ತಾಯಿ ಕಾರ್ಡಿನಲ್ಲಿ ಅದು ಇರುವುದಿಲ್ಲ, ಗಾಬರಿ ಆಗಬೇಡಿ.

ಹನಿ ಇದ್ದ ಮೇಲೆ ಸೂಜಿ ಯಾಕೆ ಅಂತ ಅತ್ತೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಪೋಲಿಯೋ ವೈರಸ್‌ನಲ್ಲಿ ಮೂರು ಬಗೆ: ಟೈಪ್ 1, 2, 3. ಮೊದಲು ಹನಿಯಲ್ಲಿ ಮೂರೂ ಇದ್ದವು. 2016ರ ಏಪ್ರಿಲ್‌ನಿಂದ ಟೈಪ್ 2 ತೆಗೆದುಹಾಕಿದ್ದಾರೆ. ಈಗ ಹನಿಯಲ್ಲಿರುವುದು 1 ಮತ್ತು 3 ಮಾತ್ರ. ಸೂಜಿಯಲ್ಲಿ ಮೂರೂ ಇವೆ. ಅಂದರೆ ಇವತ್ತು ಹುಟ್ಟಿದ ಕೂಸಿಗೆ ಸೂಜಿ ತಪ್ಪಿಸಿದರೆ ಟೈಪ್ 2ರ ವಿರುದ್ಧ ಅದಕ್ಕೆ ಯಾವ ಕಾವಲೂ ಇಲ್ಲ. ಬೂತಿನಲ್ಲಿ ನಾವು ಎಷ್ಟು ಹನಿ ಹಾಕಿದರೂ ಅದು ತುಂಬುವುದಿಲ್ಲ. ಇದನ್ನು ಪ್ರತಿ ತಾಯಿಗೂ ಕೂಡಿಸಿಕೊಂಡು ಹೇಳಬೇಕು ಅಂತ ನನಗೆ ಬಹಳ ಆಸೆ. ಲಸಿಕೆ ದಿನದ ಗದ್ದಲದಲ್ಲಿ ಆಗುವುದಿಲ್ಲ.

ತೋಳಿನಿಂದ ಕರುಳಿಗೆ ಹೇಗೆ ಅನ್ನುವುದನ್ನು ಓದಿಕೊಂಡವರು ಯಾರಾದರೂ ಹೇಳಲಿ.

ಮೈಕ್ರೋ ಮಾಸ್ತರ್, ಧಾರವಾಡ

ನಾನು ಕಾಲೇಜಿನಲ್ಲಿ ಇದೇ ವಿಷಯ ಕಲಿಸುವವನು. ಸ್ವಲ್ಪ ಉದ್ದ ಆಗುತ್ತೆ.

ತೋಳಿಗೆ ಹಾಕಿದ ಲಸಿಕೆ ಕರುಳಿಗೆ ಹೋಗುವುದೇ ಇಲ್ಲ. ಹೋಗುವ ಅಗತ್ಯವೂ ಇಲ್ಲ. ಯಾಕೆ ಅಂತ ತಿಳಿಯಬೇಕಾದರೆ ಪೋಲಿಯೋ ನಡೆಯುವ ದಾರಿ ನೋಡಬೇಕು. ಸೋಂಕು ಇರುವವರ ಮಲದಿಂದ ನೀರಿಗೋ ಕೈಗೋ ತಾಗಿದ ವೈರಸ್ ಬಾಯಿಗೆ ಬರುತ್ತದೆ. ಗಂಟಲಲ್ಲಿ, ಕರುಳಲ್ಲಿ ಬೆಳೆಯುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿಯುತ್ತದೆ. ರಕ್ತದಿಂದ ಕೆಲವರಲ್ಲಿ ಮಾತ್ರ ಬೆನ್ನುಹುರಿಯ ನರಕೋಶಕ್ಕೆ ಹೋಗಿ ಅದನ್ನು ಕೊಲ್ಲುತ್ತದೆ, ಆಗಲೇ ಕಾಲಿನ ಸ್ವಾಧೀನ ತಪ್ಪುವುದು. ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಜ್ವರ ಕೂಡ ಬಂದದ್ದು ಗೊತ್ತಾಗುವುದಿಲ್ಲ, ಆದರೆ ವಾರಗಟ್ಟಲೆ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ.

ಈಗ ನೋಡಿ, ಮನೆ ಮಾಡುವುದು ಕರುಳಲ್ಲಿ, ಹಾನಿ ಮಾಡುವುದು ನರದಲ್ಲಿ. ಎರಡರ ನಡುವೆ ರಕ್ತ ಇದೆ. ಸೂಜಿಯ ಲಸಿಕೆ ರಕ್ತದ ತುಂಬ ಪ್ರತಿಕಾಯಗಳನ್ನು, ಅಂದರೆ ವೈರಸ್‌ಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್‌ಗಳನ್ನು, ತಯಾರು ಮಾಡಿಸುತ್ತದೆ, ಮುಖ್ಯವಾಗಿ ಐಜಿಜಿ ಅನ್ನುವ ಬಗೆ. ಕರುಳಿನಿಂದ ರಕ್ತಕ್ಕೆ ಇಳಿದ ವೈರಸ್ ಅಲ್ಲೇ ಸಿಕ್ಕಿಬೀಳುತ್ತದೆ, ನರದ ತನಕ ಹೋಗುವುದಿಲ್ಲ. ಅಮೆರಿಕದ ಜೋನಸ್ ಸಾಲ್ಕ್ ಮಾಡಿದ ಇಂಜೆಕ್ಷನ್ 1955ರಲ್ಲಿ ಬಂದಾಗ ಹೊಟ್ಟೆಯ ವೈರಸ್‌ಗೆ ತೋಳಿನ ಸೂಜಿ ಯಶಸ್ವಿಯಾಗಿದ್ದು ಇದೇ ಕಾರಣಕ್ಕೆ. ಆಲ್ಬರ್ಟ್ ಸೇಬಿನ್ ಅವರ ಬಾಯಿ ಹನಿ ಬಂದಿದ್ದು ಆಮೇಲೆ, ಅರವತ್ತರ ದಶಕದ ಶುರುವಿನಲ್ಲಿ.

ಹಾಗಾದರೆ ಕರುಳಿನೊಳಗೇ ವೈರಸ್ ನಿಲ್ಲದಂತೆ ಸೂಜಿ ತಡೆಯುತ್ತದಾ? ಅಲ್ಲಿ ಅದರ ಬಲ ಕಮ್ಮಿ. ರಕ್ತದ ಐಜಿಜಿ ಸ್ವಲ್ಪ ಕರುಳಿಗೂ ಜಿನುಗುತ್ತದೆ, ಗಂಟಲಲ್ಲಿ ವೈರಸ್ ಬೆಳೆಯುವುದನ್ನು ಚೆನ್ನಾಗಿಯೇ ಕಡಿಮೆ ಮಾಡುತ್ತದೆ. ಆದರೆ ಕರುಳಿನ ಗೋಡೆಯ ನಿಜವಾದ ಕಾವಲು ಐಜಿಎ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯ. ಅದನ್ನು ಸುರಿಸುವ ಜೀವಕೋಶಗಳು ಕರುಳಿನ ಗೋಡೆಯಲ್ಲೇ ಬೀಡುಬಿಟ್ಟಿರಬೇಕು. ತೋಳಿಗೆ ಹಾಕಿದ ಲಸಿಕೆ ಹೋಗುವುದು ಕಂಕುಳಿನ ಗ್ರಂಥಿಗೆ. ಅಲ್ಲಿ ತರಬೇತಾದ ಜೀವಕೋಶಕ್ಕೆ ಕರುಳಿನ ವಿಳಾಸ ಸಿಗುವುದಿಲ್ಲ. ಹನಿ ಕುಡಿಸಿದಾಗ ಮಾತ್ರ, ದುರ್ಬಲ ಮಾಡಿದ ಜೀವಂತ ವೈರಸ್ ಕರುಳಲ್ಲೇ ಬೆಳೆದು, ಅಲ್ಲಿನ ಜೀವಕೋಶಗಳು ತರಬೇತಾಗಿ, ಲಕೋಟೆಯ ಮೇಲೆ ಬರೆದ ಹಾಗೆ ಮೈಮೇಲೆ ಕರುಳಿನ ವಿಳಾಸ ಹೊತ್ತುಕೊಂಡೇ ರಕ್ತದಲ್ಲಿ ಸುತ್ತಿ ವಾಪಸ್ ಅಲ್ಲಿಗೇ ಬರುತ್ತವೆ. ಈ ವಿಳಾಸ ಬರೆಯುವುದರಲ್ಲಿ ವಿಟಮಿನ್ ಎ ಇಂದ ಆಗುವ ಒಂದು ವಸ್ತುವಿನ ಪಾತ್ರ ಇದೆ.

ಇನ್ನು ನನಗೆ ಅತ್ಯಂತ ಇಷ್ಟವಾದ ಸಂಗತಿಗೆ ಬರುತ್ತೇನೆ. ಮೊದಲೇ ಹನಿ ಕುಡಿದ ಮಗುವಿಗೆ ಆಮೇಲೆ ಸೂಜಿ ಹಾಕಿದರೆ ಏನಾಗುತ್ತೆ? ಕರುಳಿನ ವಿಳಾಸ ಇರುವ ನೆನಪಿನ ಜೀವಕೋಶಗಳು ಅಷ್ಟರಲ್ಲಿ ದೇಹದಲ್ಲಿ ಇದ್ದೇ ಇರುತ್ತವೆ. ಸೂಜಿ ಅವುಗಳನ್ನು ಎಬ್ಬಿಸುತ್ತದೆ. ಆಗ ತೋಳಿನ ಸೂಜಿಯಿಂದಲೇ ಕರುಳು ಗಟ್ಟಿಯಾಗುತ್ತದೆ! ಇದು ಬರೀ ಊಹೆಯಲ್ಲ. ತಮಿಳುನಾಡಿನ ವೆಲ್ಲೂರಿನಲ್ಲಿ, ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಹನಿ ತೆಗೆದುಕೊಂಡಿದ್ದ ಮಕ್ಕಳಿಗೆ ಒಂದು ಡೋಸ್ ಐಪಿವಿ ಹಾಕಿ, ಆಮೇಲೆ ಮತ್ತೆ ಹನಿ ಕುಡಿಸಿ, ಮಲದಲ್ಲಿ ವೈರಸ್ ಎಷ್ಟು ಜನರಲ್ಲಿ ಬರುತ್ತೆ ಅಂತ ಪರೀಕ್ಷೆ ಮಾಡಿದರು. ಎರಡರ ಫಲಿತಾಂಶವೂ 2014ರಲ್ಲಿ ಪ್ರಕಟವಾಯಿತು. ಸೂಜಿ ಹಾಕಿಸಿಕೊಂಡವರಲ್ಲಿ ವೈರಸ್ ಹೋಗುವುದು ಸ್ಪಷ್ಟವಾಗಿ ಕಡಿಮೆ ಆಗಿತ್ತು. ಮೊರಾದಾಬಾದ್‌ನಲ್ಲಂತೂ ಇನ್ನೊಂದು ಸಲ ಹನಿ ಹಾಕಿದ್ದಕ್ಕಿಂತ ಸೂಜಿಯೇ ಮೇಲಾಯಿತು.

ಹುಟ್ಟಿದಾಗ ಹನಿ, ಆರನೇ ವಾರಕ್ಕೆ ಹನಿ ಮತ್ತು ಸೂಜಿ ಅನ್ನುವ ನಮ್ಮ ಪಟ್ಟಿಯ ಕ್ರಮ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಕೇಶ್ವಾಪುರದವ

ಮಾಸ್ತರ್ರೇ, ಚೆನ್ನಾಗಿ ಹೇಳಿದಿರಿ. ಆದರೆ ನನ್ನ ಒಂದು ತಕರಾರು ಇದೆ. ಅಮೆರಿಕದಲ್ಲಿ 2000ದಿಂದ ಹನಿ ಬಿಟ್ಟು ಬರೀ ಇಂಜೆಕ್ಷನ್ ಹಾಕುತ್ತಿದ್ದಾರೆ. ಹನಿಯಲ್ಲಿರುವುದು ಜೀವಂತ ವೈರಸ್, ಅದರಿಂದಲೇ ಅಪರೂಪಕ್ಕೆ ಪೋಲಿಯೋ ಬರುತ್ತದೆ ಅಂತ ನೀವೇ ಒಪ್ಪುತ್ತೀರಿ ಅಲ್ವಾ? ಅವರ ಮಕ್ಕಳಿಗೆ ಬೇಡವಾದದ್ದು ನಮ್ಮ ಮಕ್ಕಳಿಗೆ ಯಾಕೆ? ಖರ್ಚು ಉಳಿಸಲಿಕ್ಕೆ ಅಂತ ನನಗೆ ಅನ್ನಿಸುತ್ತದೆ.

ಮೈಕ್ರೋ ಮಾಸ್ತರ್, ಧಾರವಾಡ

ಒಪ್ಪುತ್ತೇನೆ. ಮುಚ್ಚಿಡುವ ವಿಷಯವೇ ಅಲ್ಲ. 20 ಲಕ್ಷಕ್ಕೂ ಜಾಸ್ತಿ ಡೋಸ್‌ಗಳಲ್ಲಿ ಒಂದರಲ್ಲಿ ಹೀಗಾಗುತ್ತದೆ. ಅದೂ ಅಲ್ಲದೆ, ಲಸಿಕೆ ಹಾಕಿಸದವರು ಜಾಸ್ತಿ ಇರುವ ಕಡೆ ಹನಿಯ ವೈರಸ್ ಒಬ್ಬರಿಂದ ಒಬ್ಬರಿಗೆ ಬಹಳ ಕಾಲ ಹರಿದಾಡಿ, ಬದಲಾಗಿ, ಮತ್ತೆ ರೋಗ ತರುವಷ್ಟು ಬಲ ಪಡೆಯಬಹುದು. ಟೈಪ್ 2 ತೆಗೆದದ್ದು ಇದೇ ಕಾರಣಕ್ಕೆ, ಅದರದ್ದೇ ಕಾಟ ಜಾಸ್ತಿ ಇತ್ತು. ಹನಿಗಿಂತ ಮುಂಚೆ ಅಥವಾ ಜೊತೆಗೆ ಸೂಜಿ ಬಿದ್ದರೆ ಆ ಮಗುವಿಗೆ ಈ ಅಪಾಯ ಇನ್ನೂ ಕಡಿಮೆ.

ಆದರೆ ಬರೀ ಸೂಜಿಯ ಮೇಲೆ ನಿಂತರೆ ಏನಾಗಬಹುದು ಅನ್ನುವುದಕ್ಕೆ ಇಸ್ರೇಲ್ ನೋಡಿ. ಅಲ್ಲಿ 2005ರಿಂದ ಬರೀ ಇಂಜೆಕ್ಷನ್. ಬಹುಪಾಲು ಮಕ್ಕಳಿಗೆ ಹಾಕಿಸಿದ್ದರು. 2013ರಲ್ಲಿ ದಕ್ಷಿಣದ ರಾಹತ್ ಅನ್ನುವ ಊರಿನ ಚರಂಡಿ ನೀರಿನಲ್ಲಿ ಕಾಡು ಪೋಲಿಯೋ ವೈರಸ್, ಅಂದರೆ ಹನಿಯಿಂದ ಬಂದದ್ದಲ್ಲದ ಮೂಲ ವೈರಸ್, ಸಿಕ್ಕಿತು. ತಿಂಗಳುಗಟ್ಟಲೆ ಸಿಗುತ್ತಲೇ ಹೋಯಿತು. ಅಷ್ಟಾದರೂ ಒಂದೇ ಒಂದು ಮಗುವಿನ ಕಾಲೂ ಹೋಗಲಿಲ್ಲ. ಸೂಜಿ ಪ್ರತಿ ಮಗುವನ್ನೂ ಕಾಪಾಡಿತು. ಆದರೆ ಅದೇ ಆರೋಗ್ಯವಂತ ಮಕ್ಕಳ ಕರುಳಿನಲ್ಲಿ ವೈರಸ್ ಸದ್ದಿಲ್ಲದೆ ಓಡಾಡಿತು. ಕೊನೆಗೆ ಸರ್ಕಾರ ಹನಿ ತರಿಸಿ ಮಕ್ಕಳಿಗೆ ಕುಡಿಸಿ ಅದನ್ನು ನಿಲ್ಲಿಸಬೇಕಾಯಿತು. 2022ರಲ್ಲಿ ನ್ಯೂಯಾರ್ಕ್ ಹತ್ತಿರದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ ಹನಿಯ ವೈರಸ್ ಬದಲಾಗಿ ಆದ ಟೈಪ್ 2 ಹೀಗೇ ಹರಿದಾಡಿದಾಗ ಸ್ವಾಧೀನ ತಪ್ಪಿದ್ದು ಲಸಿಕೆಯನ್ನೇ ಹಾಕಿಸದ ಒಬ್ಬ ಯುವಕನಿಗೆ.

ಒಳ್ಳೆಯ ಒಳಚರಂಡಿ ಇರುವ ದೇಶದಲ್ಲಿ ಕರುಳಿನ ತಡೆ ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ. ನಮ್ಮಲ್ಲಿ ನೀರಿನ ಪೈಪು, ಗಟಾರು ಅಕ್ಕಪಕ್ಕ ಇರುವ ಓಣಿಗಳು ಎಷ್ಟಿಲ್ಲ? ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಸೋರುವ ಜಾಗದಿಂದ ಹೊರಗಿನ ಕೊಳೆ ಒಳಗೆ ಸೇರುತ್ತದೆ. ಉಣಕಲ್ ಅಕ್ಕಾರು ಹೇಳಿದ ಕಲಕು ನೀರಿಗೆ ಇದೂ ಒಂದು ಕಾರಣ. ಭಾರತದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. ಆದರೆ ಪಕ್ಕದ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಅದು ಇನ್ನೂ ಇದೆ. ಖರ್ಚಿನ ಮಾತು ಪೂರ್ತಿ ಸುಳ್ಳಲ್ಲ, ಹನಿ ಅಗ್ಗ, ಯಾರು ಬೇಕಾದರೂ ಹಾಕಬಹುದು. ಆದರೆ ಕರುಳಿನ ಕಾವಲಿಗೆ ಹನಿಗೆ ಸಮನಾದದ್ದು ಇನ್ನೂ ಕೈಗೆ ಬಂದಿಲ್ಲ. ಅದು ಬಂದ ದಿನ ಹನಿ ಬಿಡೋಣ ಅಂತ ನಾನೇ ಮೊದಲು ಹೇಳುತ್ತೇನೆ.

ಹಾವೇರಿ ಹುಡುಗ

ನಡುವೆ ಬಂದೆ, ಕ್ಷಮಿಸಿ. ನಮ್ಮ ಹಾಸ್ಟೆಲ್‌ನಲ್ಲಿ ಇಬ್ಬರಿಗೆ ಕಾಮಣಿ ಆಗಿದೆ. ನೀರಿನಿಂದ ಬಂದ ಹೆಪಟೈಟಿಸ್ ಎ ಅಂತ ರಿಪೋರ್ಟ್. ಅದೂ ಬಾಯಿಂದಲೇ ಹೋಗುವ ವೈರಸ್ ಅಲ್ವಾ? ಅದಕ್ಕೂ ಸೂಜಿ ಇದೆ ಅಂತ ಒಬ್ಬರು ಹೇಳಿದರು. ನಿಜವಾ? ಈಗ ಹಾಕಿಸಿಕೊಂಡರೆ ಉಪಯೋಗ ಇದೆಯಾ?

ಮೈಕ್ರೋ ಮಾಸ್ತರ್, ಧಾರವಾಡ

ಇದೆ, ಬಹಳ ಒಳ್ಳೆಯ ಲಸಿಕೆ. ಮೇಲೆ ಹೇಳಿದ ತರ್ಕವೇ ಇಲ್ಲಿ ಇನ್ನೂ ಚೆನ್ನಾಗಿ ಕೂಡುತ್ತದೆ. ಹೆಪಟೈಟಿಸ್ ಎ ಬಾಯಿಂದ ಹೋಗಿ ಕರುಳು ದಾಟಿ ರಕ್ತದ ಮೂಲಕ ಯಕೃತ್ತಿಗೆ ಸೇರುತ್ತದೆ. ಜೋರಾಗಿ ಬೆಳೆಯುವುದು ಅಲ್ಲಿ. ಆಮೇಲೆ ಪಿತ್ತದ ಜೊತೆ ಕರುಳಿಗೆ ಇಳಿದು ಮಲದಲ್ಲಿ ಹೊರಗೆ ಬರುತ್ತದೆ. ರಕ್ತದಲ್ಲಿ ಪ್ರತಿಕಾಯ ಇದ್ದರೆ ಯಕೃತ್ತಿಗೆ ತಲುಪುವುದಕ್ಕೆ ಮುಂಚೆಯೇ ಅದರ ಆಟ ಮುಗಿಯಿತು. ಯಕೃತ್ತಿನಲ್ಲಿ ಬೆಳೆಯದಿದ್ದರೆ ಮಲದಲ್ಲಿ ಬರುವುದಾದರೂ ಏನು? ಹಾಗಾಗಿ ಇಲ್ಲಿ ಸೂಜಿಯೇ ರೋಗವನ್ನೂ ತಡೆಯುತ್ತದೆ, ಹರಡುವುದನ್ನೂ ತಡೆಯುತ್ತದೆ.

ಸೋಂಕು ತಗುಲಿದ ಮೇಲೆ ಕಾಮಣಿ ಕಾಣಿಸಲಿಕ್ಕೆ ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಬೇಕು. ಅದಕ್ಕೇ ರೋಗಿಯ ಸಂಪರ್ಕವಾದ ಎರಡು ವಾರದೊಳಗೆ ಲಸಿಕೆ ಹಾಕಿಸಿದರೂ ಉಪಯೋಗ ಆಗಬಹುದು. ನೀವು ತಡ ಮಾಡದೆ ಇವತ್ತೇ ಡಾಕ್ಟರನ್ನು ನೋಡಿ. ಇದು ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಚಿಕ್ಕವರಿದ್ದಾಗಲೇ ಗೊತ್ತಾಗದಂತೆ ಬಂದು ಹೋಗಿದ್ದರೆ ಲಸಿಕೆಯ ಅಗತ್ಯವೇ ಇರುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮಕ್ಕಳಿಗೆ ಇದು ಹಗುರಾಗಿ ಹೋಗುತ್ತೆ, ದೊಡ್ಡವರನ್ನು ಜಾಸ್ತಿ ಕಾಡುತ್ತೆ. ಇಬ್ಬರು ಗೆಳೆಯರಿಗೂ ಕಾಮಣಿ ಬೇರು, ಸೊಪ್ಪಿನ ರಸ ಅಂತ ಕುಡಿಸಲಿಕ್ಕೆ ಬಿಡಬೇಡಿ. ಬಾವು ಬಂದ ಯಕೃತ್ತಿಗೆ ಅದೇ ಇನ್ನೊಂದು ಏಟಾಗಬಹುದು.

ಉಣಕಲ್ ಅಕ್ಕಾರ ಕೊನೆಯ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಎಲ್ಲ ವೈರಸ್‌ಗೂ ಸೂಜಿ ಇಲ್ಲ. ರೋಟಾ ನೋಡಿ. ಅದು ಸಣ್ಣ ಕರುಳಿನ ಒಳಪದರದಲ್ಲೇ ಬೆಳೆದು, ಅಲ್ಲೇ ಹಾಳು ಮಾಡಿ, ಅಲ್ಲೇ ಭೇದಿ ತರುತ್ತದೆ. ನಡುವೆ ರಕ್ತದಲ್ಲಿ ಹಿಡಿಯುವ ಅವಕಾಶವೇ ಕಡಿಮೆ, ಅದಕ್ಕೇ ಅದು ಹನಿಯಾಗಿ ಬರುತ್ತದೆ. ರೋಟಾಕ್ಕೂ ಸೂಜಿ ಮಾಡುವ ಪ್ರಯತ್ನ ನಡೆದಿದೆ, ಬಳಕೆಗೆ ಬಂದಿಲ್ಲ. ಮಕ್ಕಳಿಗೆ ಕೈ, ಕಾಲು, ಬಾಯಲ್ಲಿ ಗುಳ್ಳೆ ತರುವ ಎಂಟರೋವೈರಸ್ 71ಕ್ಕೆ ಚೀನಾದಲ್ಲಿ ಸೂಜಿ ಇದೆ, ಅದೂ ಪೋಲಿಯೋದ ನೆಂಟ, ಅದೂ ಕರುಳಿನಿಂದ ರಕ್ತಕ್ಕೆ ಇಳಿಯುವಂಥದ್ದು. ಹಾನಿ ಕರುಳಿನಲ್ಲೇ ಆಗುತ್ತದೋ, ಕರುಳು ದಾಟಿದ ಮೇಲೆ ಆಗುತ್ತದೋ ಅಂತ ಮೊದಲು ಕೇಳಿಕೊಂಡರೆ ಸೂಜಿ ಎಷ್ಟು ನಡೆಯುತ್ತೆ ಅನ್ನುವುದು ಬಹುತೇಕ ತಿಳಿಯುತ್ತದೆ.

ಉಣಕಲ್ ತಾಯಿ, ಹುಬ್ಬಳ್ಳಿ

ಸಿಸ್ಟರ್, ಸರ್, ಇಬ್ಬರಿಗೂ ಬಹಳ ಧನ್ಯವಾದ. ಅತ್ತೆಯವರಿಗೆ ಪೂರ್ತಿ ಓದಿ ಹೇಳಿದೆ. ಟೈಪ್ 2 ವಿಷಯ ಕೇಳಿದ ಮೇಲೆ "ಹಂಗಾದ್ರ ಹಾಕಿಸಲೇಬೇಕು" ಅಂದರು. ಗೆಳತಿಗೂ ಕಳಿಸಿದ್ದೇನೆ. ಅವಳ ಮಗನಿಗೆ ಈಗ ಹನಿ ಹಾಕಿಸಬಹುದಾ? ಇನ್ನೊಂದು, ರೋಟಾ ಹಾಕಿಸಿದ್ದರೂ ಮಗುವಿಗೆ ಭೇದಿ ಆದರೆ ಲಸಿಕೆ ಕೆಲಸ ಮಾಡಿಲ್ಲ ಅಂತಲಾ? ಮತ್ತೆ 14ನೇ ವಾರದ ಹೊತ್ತಿಗೆ ನಾವು ಊರಲ್ಲಿ ಇರುತ್ತೇವೋ ಇಲ್ಲವೋ ಗೊತ್ತಿಲ್ಲ.

ಗದಗ ಸಿಸ್ಟರ್

ಗೆಳತಿಯ ಮಗನಿಗೆ ಹಾಕಿದ್ದು ಪೂರ್ತಿ ಡೋಸಿನ ಇಂಜೆಕ್ಷನ್, ಒಳ್ಳೆಯದೇ. ಅವನ ಕಾಲಿಗೆ ಅಪಾಯ ಇಲ್ಲ. ಆದರೆ ಕರುಳಿನ ಕಾವಲಿಗೆ ಪಲ್ಸ್ ಪೋಲಿಯೋ ದಿನ ಬೂತಿಗೆ ಕರೆದುಕೊಂಡು ಹೋಗಿ ಹನಿ ಹಾಕಿಸಲಿ. ಐದು ವರ್ಷ ತುಂಬುವ ತನಕ, ಪ್ರತಿ ಸಲ. ಖಾಸಗಿಯಲ್ಲಿ ಎಲ್ಲ ಆಗಿದೆ ಅಂತ ಬಾಗಿಲಿನಿಂದಲೇ ನಮ್ಮನ್ನು ಕಳಿಸುವ ಮನೆಗಳು ಪಟ್ಟಣದಲ್ಲೇ ಜಾಸ್ತಿ, ಅದು ನನಗೆ ನಿಜವಾಗಿಯೂ ಬೇಸರ. ಹನಿ ಕೆಟ್ಟಿದೆಯೋ ಏನೋ ಅಂತ ಅನುಮಾನ ಇದ್ದರೆ ಸೀಸೆ ತೋರಿಸಿ ಅಂತ ಕೇಳಿ, ನಾವು ಬೇಡ ಅನ್ನುವುದಿಲ್ಲ. ಸೀಸೆಯ ಮೇಲೆ ನೇರಳೆ ಬಣ್ಣದ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಹನಿ ಸರಿ ಇದೆ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಬರುತ್ತದೆ. ಎರಡರ ಬಣ್ಣ ಒಂದೇ ಆದರೆ ಆ ಸೀಸೆಯನ್ನು ನಾವೇ ಬಳಸುವುದಿಲ್ಲ.

ರೋಟಾ ಹನಿ ತೆಗೆದುಕೊಂಡ ಮಗುವಿಗೂ ಭೇದಿ ಆಗಬಹುದು. ಭೇದಿಗೆ ಕಾರಣ ನೂರೆಂಟು. ರೋಟಾದಿಂದ ಆಸ್ಪತ್ರೆ ಸೇರುವಷ್ಟು ಜೋರಾಗುವುದನ್ನು ಲಸಿಕೆ ಬಹಳ ಮಟ್ಟಿಗೆ ತಪ್ಪಿಸುತ್ತದೆ. ಭೇದಿ ಆದರೆ ಎದೆಹಾಲು ನಿಲ್ಲಿಸಬೇಡಿ. ಆಶಾ ಹತ್ತಿರ ಓಆರ್‌ಎಸ್ ಪ್ಯಾಕೆಟ್ ಇರುತ್ತದೆ, ಕುದಿಸಿ ಆರಿಸಿದ ನೀರಿನಲ್ಲಿ ಕಲಸಬೇಕು. ನಿಮ್ಮ ಮಗಳಂಥ ಎಳೆ ಕೂಸು ಮಂಕಾಯಿತು, ಹಾಲು ಕುಡಿಯುತ್ತಿಲ್ಲ, ಮೂತ್ರ ಕಮ್ಮಿಯಾಯಿತು ಅನ್ನಿಸಿದರೆ ಮನೆಯಲ್ಲಿ ಕಾಯುತ್ತ ಕೂಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

14ನೇ ವಾರಕ್ಕೆ ಎಲ್ಲಿದ್ದರೂ ಪರವಾಗಿಲ್ಲ. ತಾಯಿ ಕಾರ್ಡ್ ಜೊತೆಗೆ ಇಟ್ಟುಕೊಳ್ಳಿ, ಆ ಊರಿನ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಲಸಿಕೆ ದಿನ ಯಾವುದು ಅಂತ ಕೇಳಿ. ನಮ್ಮ ಕಡೆ ಸಾಮಾನ್ಯವಾಗಿ ಗುರುವಾರ ಇರುತ್ತದೆ. ಒಂದೆರಡು ವಾರ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಸಣ್ಣ ನೆಗಡಿ ಇದ್ದರೂ ಕರೆದುಕೊಂಡು ಹೋಗಿ, ಹಾಕಬೇಕೋ ಬೇಡವೋ ಅಂತ ಅಲ್ಲಿನವರು ನೋಡಿ ಹೇಳುತ್ತಾರೆ. ಹಾಕಿದ ಮೇಲೆ ಕಾರ್ಡಿನಲ್ಲಿ ಐಪಿವಿ ಎದುರಿಗೆ ತಾರೀಖು ಬರೆಸಿಕೊಂಡೇ ಎದ್ದು ಬನ್ನಿ.